ಗಂಗಕ್ಕ ಬೆಲ್ಲ ಕೇಳಿದ ಸೋಮವಾರ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇರುವೆಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಪ್ಪನದು ಬೆಲ್ಲದ ಮಂಡಿ. ಬೀದಿ ಕಡೆಗೆ ಮಂಡಿ, ಅದರ ಹಿಂದೆ ಬೆಲ್ಲದ ಕೋಣೆ, ಆಮೇಲೆ ನಡುಮನೆ, ಅದರ ಎಡಕ್ಕೆ ಅಡಿಗೆಮನೆ, ಕೊನೆಗೆ ಬಚ್ಚಲು, ಬಾವಿ, ಹಿತ್ತಲು. ಬೀದಿಯಿಂದ ಹಿತ್ತಲ ತನಕ ಇರುವೆ ಸಾಲು ಕಟ್ಟಿಕೊಂಡು ಓಡಾಡುತ್ತಿದ್ದವು, ನಾವು ಅವನ್ನು ದಾಟಿಕೊಂಡು ಓಡಾಡುತ್ತಿದ್ದೆವು. ಹಾಸಿಗೆಯಲ್ಲಿ ಇರುವೆ, ಅಕ್ಕಿಯಲ್ಲಿ ಇರುವೆ, ಜಡೆಯಲ್ಲಿ ಇರುವೆ. ಹಾಗಾಗಿ ನಮ್ಮ ಗಂಗಕ್ಕ ಬಚ್ಚಲಿಗೆ ಹೋಗಿ ಬಂದ ಜಾಗದಲ್ಲಿ ಇರುವೆ ಕಪ್ಪಗೆ ಮುತ್ತಿಕೊಂಡಿದ್ದನ್ನು ಎಲ್ಲರೂ ಕಂಡೆವು, ಕಂಡೂ ಯಾರಿಗೂ ಏನೂ ಅನ್ನಿಸಲಿಲ್ಲ. ಬೇರೆ ಯಾರ ಮನೆಯಲ್ಲಿ ಆಗಿದ್ದರೂ ಆ ಕಾಯಿಲೆ ಬೇಗ ಗೊತ್ತಾಗುತ್ತಿತ್ತು. ನಮಗೆ ಗೊತ್ತಾಗುವ ಹೊತ್ತಿಗೆ ಅವಳು ಕಡ್ಡಿಯಾಗಿದ್ದಳು.

ಗಂಗಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಉಳಿದಿರಲಿಲ್ಲ. ಅಕ್ಕತಂಗಿಯರು ಅಂದರೆ ಭಾರಿ ಪ್ರೀತಿ ಅಂತ ಜನ ತಿಳಿಯುತ್ತಾರೆ. ನಮಗೆ ಅಷ್ಟು ಸರಿಬರುತ್ತಿರಲಿಲ್ಲ. ಅವಳು ಬೆಳ್ಳಗೆ, ನಾನು ಕಪ್ಪಗೆ. ಅವಳಿಗೆ ಚನ್ನರಾಯಪಟ್ಟಣದ ನಮ್ಮ ಸೋದರಮಾವನ ಮಗನನ್ನು ಚಿಕ್ಕಂದಿನಲ್ಲೇ ಗೊತ್ತುಮಾಡಿದ್ದರು, ಅದರ ಜಂಬ ಬೇರೆ. ನನ್ನನ್ನು ಚೆನ್ನಿ ಅಂತ ಕರೆಯುವುದಕ್ಕಿಂತ ಕರಿಚೆನ್ನಿ ಅಂತ ಕರೆದದ್ದೇ ಹೆಚ್ಚು. ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು, ಒದೆದಾಡಿಕೊಂಡೇ ಮಲಗುತ್ತಿದ್ದೆವು. ಅವಳು ತೆಳ್ಳಗಾಗುತ್ತಾ ಇದ್ದಾಳೆ ಅಂತ ಮೊದಲು ತಿಳಿದಿದ್ದು ನನಗೇ, ಯಾಕೆಂದರೆ ಚಾಪೆಯಲ್ಲಿ ನನಗೆ ಜಾಗ ಹೆಚ್ಚಾಗುತ್ತಾ ಬಂತು.

ಎರಡು ಮುದ್ದೆ ಉಣ್ಣುವಳು, ಮತ್ತೆ ಅರ್ಧ ಕೇಳುವಳು. ಚೊಂಬುಗಟ್ಟಲೆ ನೀರು ಕುಡಿಯುವಳು, ಬಾವಿಕಟ್ಟೆಯ ಹತ್ತಿರವೇ ಕೂತಿರುವಳು. ಬಳೆ ಮೊಣಕೈ ತನಕ ಏರಿದವು. ನಮ್ಮ ಅಜ್ಜಿ, ಅಪ್ಪನ ತಾಯಿ, ದೃಷ್ಟಿ ತೆಗೆದು ತೆಗೆದು ಮೆಣಸಿನಕಾಯಿ ಸುಟ್ಟಳು. ಆಮೇಲೆ ತಿನ್ನಿಸುವುದಕ್ಕೆ ಹತ್ತಿದಳು. ಬೆಳಗ್ಗೆ ಬೆಲ್ಲ ಹಾಕಿದ ಹುರಿಹಿಟ್ಟು, ಮಧ್ಯಾಹ್ನ ಗಸಗಸೆ ಪಾಯಸ, ಸಂಜೆಗೆ ಎಳ್ಳುಂಡೆ. ತಿಂದಷ್ಟೂ ಅಕ್ಕ ಸೊರಗಿದಳು, ಸೊರಗಿದಷ್ಟೂ ಅಜ್ಜಿ ತಿನ್ನಿಸಿದಳು.

"ಬಾಣಂತಿ ತಿನ್ನೋದ್ನೆಲ್ಲ ತಿಂತಾವ್ಳೆ, ಮೈಗೆ ಮಾತ್ರ ಅತ್ತಾನೇ ಇಲ್ಲ. ಯಾವಳ ಕಣ್ಣು ಬಿತ್ತೋ ಕಾಣೆ."

"ಗಾಳಿ ಏನಾರ ಸೋಕೈತೋ ಏನೋ ಅತ್ತೆಮ್ಮ," ಅಂತ ಅವ್ವ.

ಅರಕಲಗೂಡಿನಿಂದ ಒಬ್ಬ ನಾಟಿ ವೈದ್ಯನನ್ನು ಕರೆಸಿದರು. ಅವನು ನಾಡಿ ಹಿಡಿದು, ಪಿತ್ತ ಅಂದು, ಕಹಿ ಪುಡಿಯೊಂದನ್ನು ಜೇನುತುಪ್ಪದಲ್ಲಿ ಕಲಸಿ ಮೂರು ಹೊತ್ತು ನೆಕ್ಕಿಸಿ ಅಂದ. ಜೇನು ಚೆನ್ನಾಗಿ ನೆಕ್ಕಿದಳು. ಒಂದು ದಿನ ಬಾವಿ ಹತ್ತಿರ ಬಿದ್ದುಬಿಟ್ಟಳು. ಉಸಿರು ಬುಸುಬುಸು ಅಂತಿತ್ತು, ಬಾಯಿಂದ ಕೊಳೆತ ಬಾಳೆಹಣ್ಣಿನಂಥ ವಾಸನೆ ಬರುತ್ತಿತ್ತು. ಆವತ್ತೇ ರೈಲು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋದರು. ನನ್ನನ್ನೂ ಕರೆದುಕೊಂಡು ಹೋದರು, ಬಿಟ್ಟರೆ ಅಜ್ಜಿಯ ಜೊತೆ ಜಗಳ ಆಡುತ್ತೀನಿ ಅಂತ.

ಹಾಸನದ ಡಾಕ್ಟರು ಅವಳ ಉಚ್ಚೆಯನ್ನು ಗಾಜಿನ ಕೊಳವೆಯಲ್ಲಿ ನೀಲಿ ನೀರಿಗೆ ನಾಲ್ಕು ಹನಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಹೆಂಚಿನ ಬಣ್ಣಕ್ಕೆ ಬಂದು ನಿಂತಿತು. ಅವರು ಆ ಕೊಳವೆಯನ್ನು ಅಪ್ಪನ ಮುಖದ ಮುಂದೆ ಹಿಡಿದರು.

"ಸಿಹಿಮೂತ್ರದ ಕಾಯಿಲೆ. ಮನೇಲಿ ಇರುವೆ ಮುತ್ತಿದ್ದು ಕಾಣಲಿಲ್ವೇನ್ರೀ?"

"ನಮ್ದು ಬೆಲ್ಲದ ಮನೆ ಸಾ. ಇರುವೆ ಎಲ್ಲಾ ಕಡೀಕೂ ಅವೆ."

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದರು.

ಒಂದು ತಿಂಗಳು ಹಾಸನದಲ್ಲೇ ಇದ್ದೆವು. ಸೂಜಿ ಮದ್ದು ಬಿದ್ದ ಹತ್ತು ದಿನಕ್ಕೆ ಅಕ್ಕ ಎದ್ದು ಕೂತಳು, ಹದಿನೈದು ದಿನಕ್ಕೆ ನನಗೆ ಕರಿಚೆನ್ನಿ ಅಂದಳು. ಅವ್ವ ಬದನೆಕಾಯಿಗೆ ಚುಚ್ಚಿ ಚುಚ್ಚಿ ಸೂಜಿ ಹಾಕುವುದು ಕಲಿತಳು. ಹೊರಡುವ ದಿನ ಡಾಕ್ಟರು ಅಪ್ಪನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅಪ್ಪ ಹೊರಗೆ ಬಂದು ನಮಗೆ ಹೇಳಿದ್ದು ಮೂರೇ ಮಾತು: ದಿನಾ ಎರಡು ಹೊತ್ತು ಸೂಜಿ, ಸೂಜಿ ಹಾಕಿದ ಮೇಲೆ ಊಟ, ಸಿಹಿ ಬಾಯಿಗೆ ಇಡಕೂಡದು. ಇದು ಸಾಯೋ ತನಕ ಅಂತ ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಮನೆಯೇ ಬೇರೆ ಆಯಿತು. ಮದ್ದಿನ ಸೀಸೆ ತಂಪಾಗಿರಬೇಕಿತ್ತು, ಕುಡಿಯುವ ನೀರಿನ ಗಡಿಗೆಯ ಕೆಳಗೆ ಒದ್ದೆ ಮರಳಿನಲ್ಲಿ ಹೂತಿಡುತ್ತಿದ್ದೆವು. ಸೂಜಿ ಮೊಂಡಾದರೆ ಅಪ್ಪ ನುಣುಪು ಕಲ್ಲಿನ ಮೇಲೆ ಮಸೆದು ಕೊಡುತ್ತಿದ್ದ. ಅವ್ವ ಅದನ್ನು ಪುಟ್ಟ ಪಾತ್ರೆಯಲ್ಲಿ ಕುದಿಸುವಳು. ಯುದ್ಧದ ಕಾಲ, ಕೆಲವು ಸಲ ಮದ್ದು ಹಾಸನದಲ್ಲಿ ಸಿಗುತ್ತಿರಲಿಲ್ಲ, ಅಪ್ಪ ಮೈಸೂರಿಗೆ ಹೋಗಿ ತರುತ್ತಿದ್ದ. ನೀಲಿ ನೀರಿನ ಕೆಲಸ ನನಗೆ ಬಂತು. ಅವ್ವನ ಕೈಗೆ ಬಿಡುವಿರಲಿಲ್ಲ, ಅಜ್ಜಿ ಆ ಕೊಳವೆಯನ್ನು ಮುಟ್ಟುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಓದುವುದಕ್ಕಿಂತ ಆ ಬಣ್ಣ ಓದುವುದು ನನಗೆ ಚೆನ್ನಾಗಿ ಬಂತು. ನೀಲಿ ಬಂದರೆ ಸರಿ, ಹಸಿರು ಬಂದರೆ ಪರವಾಗಿಲ್ಲ, ಹೆಂಚಿನ ಬಣ್ಣ ಬಂದರೆ ಅಕ್ಕ ಕದ್ದು ತಿಂದಿದ್ದಾಳೆ. ಓಡಿಹೋಗಿ ಅವ್ವನಿಗೆ ಹೇಳುತ್ತಿದ್ದೆ. ಅವ್ವ ಬೈಯುವಳು, ಅಕ್ಕ ನನ್ನ ಜಡೆ ಎಳೆಯುವಳು.

"ಬಂದ್ಲು ನೋಡು ಚಾಡಿಕೋರಿ. ನನ್ನ ಉಚ್ಚೆ ನೋಡ್ಕಂಡೇ ನಿನ್ನ ಜೀವ ಓಗ್ಲಿ."

ಬೆಲ್ಲದ ಕೋಣೆಗೆ ಬೀಗ ಹಾಕಿಸಿದರು. ಕೀಲಿ ಅಜ್ಜಿಯ ಹತ್ತಿರ ಇದ್ದರೆ ಅಕ್ಕ ಅತ್ತುಕರೆದು ಕೇಳುವಳು, ಅಜ್ಜಿ ಕರಗಿಬಿಡುವಳು. ಹಾಗಾಗಿ ಅವ್ವ ಅದನ್ನು ನನ್ನ ಲಂಗದ ಲಾಡಿಗೆ ಕಟ್ಟಿದಳು. ಯಾರು ಕೇಳಿದರೂ, ಏನು ಹೇಳಿದರೂ ಕೊಡಬೇಡ ಅಂದಳು. ಮಂಡಿಗೆ ಜನ ಬಂದರೆ ಅಪ್ಪನೂ ನನ್ನನ್ನು ಕರೆದು ಬಾಗಿಲು ತೆಗೆಸಬೇಕಿತ್ತು. ನನಗೆ ಅದು ಬಹಳ ಹಿಡಿಸಿತು. ಒಂದು ಸಲ ಮಾತ್ರ ಮೋಸಹೋದೆ. ಅಕ್ಕ ಹೊಸಿಲಿನ ಮೇಲೆ ಬಿದ್ದು ಕಣ್ಣು ಮೇಲೆ ಮಾಡಿ, ಚೆನ್ನಿ ಜೀವ ಓಯ್ತದೆ ಒಂದು ಚೂರು ಬೆಲ್ಲ ಅಂದಳು. ಹೆದರಿ ಒಂದು ಅಚ್ಚನ್ನೇ ಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡು ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಗೆ ಹೆಂಚಿನ ಬಣ್ಣ ಬಂತು. ಅವ್ವ ನನಗೆ ಸೌಟಿನಲ್ಲಿ ಹೊಡೆದಳು, ಅಕ್ಕನಿಗೆ ಹೊಡೆಯಲಿಲ್ಲ. ಇನ್ನು ಸತ್ತರೂ ಕೊಡಲ್ಲ ಅಂತ ನಾನು ಆವತ್ತು ಅಂದುಕೊಂಡೆ.

ಇನ್ನೊಂದು ತೊಡಕು ಅಜ್ಜಿಯಿಂದ ಬಂತು. ಸೂಜಿ ಮದ್ದು ದನದ ಹೊಟ್ಟೆಯೊಳಗಿನ ಮಾಂಸದಿಂದ ಇಳಿಸುವುದಂತೆ ಅಂತ ಯಾರೋ ಅವಳ ಕಿವಿಗೆ ಹಾಕಿದರು. ನಮ್ಮದು ಲಿಂಗ ಕಟ್ಟಿದ ಮನೆ. ಮೂರು ದಿನ ಅಜ್ಜಿ ಉಣ್ಣಲಿಲ್ಲ. ಅಪ್ಪ ಬೇಡಿಕೊಂಡ, ಅವ್ವ ಕಾಲು ಹಿಡಿದಳು. ಕೊನೆಗೆ ಅಜ್ಜಿಯೇ ಒಂದು ದಾರಿ ಹೇಳಿದಳು: ಸೂಜಿ ಹಾಕಿಸಿಕೊಂಡ ಮೇಲೆ ಅಕ್ಕ ಸ್ನಾನ ಮಾಡಿ, ಲಿಂಗಪೂಜೆ ಮಾಡಿಕೊಂಡು, ಆಮೇಲೆ ಉಣ್ಣಬೇಕು. ಮೈಯೊಳಕ್ಕೆ ಹೋದದ್ದನ್ನು ಪೂಜೆಯ ನೀರು ತೊಳೆಯುತ್ತದೆ. ಅಪ್ಪ ಒಪ್ಪಿಕೊಂಡ. ಸೂಜಿ ಆದಮೇಲೆ ಊಟ ಅಂತ ಡಾಕ್ಟರು ಹೇಳಿದ್ದರು, ನಾವು ಅದರ ಮಧ್ಯಕ್ಕೆ ಒಂದು ಪೂಜೆ ಸೇರಿಸಿದೆವು. ಗಂಗಕ್ಕನದು ಕಾಗೆ ಸ್ನಾನ, ಕಾಗೆ ಪೂಜೆ. ಎರಡು ಹೂವು ಏರಿಸಿ, ವಿಭೂತಿ ಎಳೆದುಕೊಂಡು ತಟ್ಟೆಯ ಮುಂದೆ ಬಂದು ಕೂರುವಳು. ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಅವಳು ಮೈ ತುಂಬಿಕೊಂಡಳು. ಕಾಯಿಲೆಯ ವಿಷಯ ಹೊರಗೆ ಯಾರಿಗೂ ಹೇಳಲಿಲ್ಲ. ಚನ್ನರಾಯಪಟ್ಟಣಕ್ಕೆ ಗೊತ್ತಾದರೆ ಮದುವೆ ಮುರಿಯುತ್ತಿತ್ತು. ನಿಶ್ಶಕ್ತಿಗೆ ಟಾನಿಕ್ ತರಿಸ್ತೀವಿ ಅಂತ ಅವ್ವ ಕೇರಿಯವರಿಗೆ ಹೇಳುತ್ತಿದ್ದಳು.

ಶ್ರಾವಣ ಬಂತು. ಶ್ರಾವಣದ ಒಂದು ಸೋಮವಾರ ಕೊಣನೂರು ಕಡೆಯಿಂದ ಕುಲಗುರು ಅಯ್ಯನೋರು ನಮ್ಮ ಮನೆಗೆ ಬರುವುದು ಹಿಂದಿನಿಂದ ನಡೆದುಬಂದದ್ದು. ಅವರ ಪಾದಪೂಜೆ ಆಗಿ, ಅವರು ಉಂಡು ಪ್ರಸಾದ ಮಾಡುವ ತನಕ ಮನೆಯವರು ಯಾರೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಪ್ರತಿವರ್ಷ ಅವರು ಬಿಸಿಲೇರುವ ಮೊದಲೇ ಬಂದುಬಿಡುತ್ತಿದ್ದರು. ಆ ವರ್ಷ ಅಪ್ಪ ಊರಲ್ಲಿ ಇರಲಿಲ್ಲ, ಮದುವೆಗೆ ದಿನ ಗೊತ್ತುಮಾಡಲು ಹಿಂದಿನ ದಿನವೇ ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಹೋಗುವಾಗ ಅವ್ವನಿಗೆ, ಅಯ್ನೋರು ಚನ್ನರಾಯಪಟ್ಟಣದ ಮನೆಗೂ ಹೋಗಿ ಬರೋರು, ಕಾಯಿಲೆ ಮಾತು ಅವರ ಕಿವಿಗೆ ಬೀಳದ ಹಾಗೆ ನೋಡ್ಕೋ ಅಂದಿದ್ದ.

ಬೆಳಗ್ಗೆ ಅವ್ವ ಎಂದಿನ ಹೊತ್ತಿಗೆ ಸೂಜಿ ಹಾಕಿದಳು. ಅಕ್ಕ ಸ್ನಾನ ಮಾಡಿ, ಪೂಜೆ ಮಾಡಿಕೊಂಡು, ಹೊಸ ಸೀರೆ ಉಟ್ಟು ಬಂದಳು. ಅಡಿಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಬಿಸಿಲೇರಿತು. ಅಯ್ಯನೋರು ಬರಲಿಲ್ಲ.

"ಅತ್ತೆಮ್ಮ, ಇವಳಿಗೆ ಸೂಜಿ ಆಗೈತೆ. ಒಂದು ತುತ್ತು ಅನ್ನ ಆಕ್ಬುಡ್ಲಾ?"

"ಅಯ್ನೋರು ಇನ್ನೇನು ಬಂದ್ರು. ಒಂದು ಗಳಿಗೆ ತಡಿಯಕ್ಕಾಗಲ್ವಾ? ಪಾದಪೂಜೆಗೆ ಮುಂಚೆ ಉಂಡ್ರೆ ಅವಳ ಮದುವೆಗೇ ಕೇಡು."

"ಡಾಕ್ಟ್ರು..."

"ಡಾಕ್ಟ್ರು ಬಂದು ಆಶೀರ್ವಾದ ಮಾಡ್ತಾರಾ ನಿನ್ನ ಮಗಳಿಗೆ?"

ಅವ್ವ ಮತ್ತೆ ಹೂರಣ ರುಬ್ಬುವುದಕ್ಕೆ ಕೂತಳು. ಬೈಸಿಕೊಂಡು ಸುಮ್ಮನಾಗುವುದು ಅವಳಿಗೆ ರೂಢಿ. ಅಯ್ಯನೋರು ಬರುತ್ತಿದ್ದುದು ಇದ್ದಿಲು ಬಸ್ಸಿನಲ್ಲಿ. ಯುದ್ಧಕ್ಕೆ ಪೆಟ್ರೋಲು ಹೋಗಿ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿದ್ದರು, ಇದ್ದಿಲು ಉರಿಸಿ ಓಡಿಸುತ್ತಿದ್ದರು. ಅದು ಅರಕಲಗೂಡಿನ ಹತ್ತಿರ ನಿಂತುಹೋಗಿ, ಜನವೆಲ್ಲ ಇಳಿದು ತಳ್ಳುತ್ತಿದ್ದರಂತೆ. ನಮಗೆ ಹೇಗೆ ಗೊತ್ತಾಗಬೇಕು. ಈಗ ಬಂದರು ಈಗ ಬಂದರು ಅಂತ ಬಾಗಿಲು ನೋಡುತ್ತಾ ಕೂತಿದ್ದೆವು.

ನೆರಳು ಕಾಲಡಿಗೆ ಬರುವ ಹೊತ್ತಿಗೆ ಅಕ್ಕ ಬೆಲ್ಲದ ಕೋಣೆಯ ಬಾಗಿಲಿಗೆ ಒರಗಿ ಕೂತಿದ್ದಳು. ಅಲ್ಲಿ ನೆಲ ತಂಪು. ಹೊಸ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು, ಮುಖದಲ್ಲಿ ಬೆವರು ಸುರಿಯುತ್ತಿತ್ತು. ನನ್ನನ್ನು ಕೈಸನ್ನೆ ಮಾಡಿ ಕರೆದಳು.

"ಚೆನ್ನಿ, ಒಂದು ಚೂರು ಬೆಲ್ಲ ಕೊಡೆ."

"ಕೊಡಲ್ಲ."

"ಇರುವೆ ಒತ್ಕಂಡೋಗೋ ಅಷ್ಟು ಕೊಡು, ಸಾಕು."

"ಗಂಡನ ಮನೇಲಿ ತಿನ್ನೋಗು."

"ಆಟ ಅಲ್ಲ ಕಣೆ. ಕಣ್ಣು ಕತ್ಲೆ ಬತ್ತದೆ. ನೋಡು, ಕೈ ನೋಡು."

ಕೈ ನಡುಗುತ್ತಿತ್ತು. ನಾನು ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

"ಓದ ಸಲಾನೂ ಇಂಗೇ ಅಂದೆ. ಸೌಟಿನ ಏಟು ತಿಂದೋಳು ನಾನು."

ಅವಳು ನನ್ನ ಲಂಗ ಹಿಡಿದು ಕೀಲಿಗೆ ಕೈ ಹಾಕಿದಳು. ಬೇರೆ ದಿನ ಆಗಿದ್ದರೆ ಕಿತ್ತುಕೊಳ್ಳುತ್ತಿದ್ದಳು, ನನಗಿಂತ ಶಕ್ತಿ ಅವಳಿಗೆ. ಆವತ್ತು ನಾನು ಸುಮ್ಮನೆ ಒಂದು ಸಲ ಎಳೆದೆ, ಬಿಟ್ಟುಬಿಟ್ಟಳು. ಅದರಲ್ಲೇ ನನಗೆ ತಿಳಿಯಬೇಕಿತ್ತು. ಅಡಿಗೆಮನೆಗೆ ಓಡಿ ಅಕ್ಕ ಬೆಲ್ಲ ಕೇಳ್ತಾವ್ಳೆ ಅಂತ ಹೇಳಿದೆ. ಅವ್ವ ಬಾವಿ ಹತ್ತಿರ ಇದ್ದಳು, ಅಜ್ಜಿ ಒಬ್ಬಳೇ ಇದ್ದಳು.

"ಕೊಟ್ಟೀಯೆ ಮತ್ತೆ. ನೀನೇ ಕಣವ್ವ ಈ ಮನೆ ಕಾಯೋಳು," ಅಂದಳು.

ಅಜ್ಜಿ ನನ್ನನ್ನು ಹೊಗಳಿದ್ದು ಬಹಳ ಕಡಿಮೆ. ಹಿಗ್ಗಿಹೋದೆ. ಬಾಗಿಲಿಗೆ ಹೋಗಿ ಅಯ್ಯನೋರ ದಾರಿ ನೋಡುತ್ತಾ ನಿಂತೆ, ಅಕ್ಕನ ಕಡೆ ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಅವಳು ನಗುವುದು ಕೇಳಿಸಿತು. ಹೋಗಿ ನೋಡಿದರೆ ಸೀರೆ ಸೆರಗು ಎಲ್ಲೋ, ಅವಳು ಎಲ್ಲೋ. ಅವ್ವನನ್ನು ಯಾರೇ ನೀನು ಅಂತ ಕೇಳಿದಳು. ಅಜ್ಜಿಗೆ ಕೆಟ್ಟ ಮಾತು ಬೈದಳು. ಗೋಡೆಗೆ ತಲೆ ಚಚ್ಚಿಕೊಂಡಳು. ಶ್ರಾವಣ ಸೋಮವಾರ, ಪಾದಪೂಜೆಯ ದಿನ, ಮದುವೆ ಹತ್ತಿರ ಬಂದ ಹುಡುಗಿ. ಅಜ್ಜಿಗೆ ಅನುಮಾನವೇ ಇರಲಿಲ್ಲ. ಗಾಳಿ ಪೂಜೆ ತಡೀಲಾರದೆ ಆಡ್ತದೆ, ಅಯ್ನೋರು ಬರ್ಲಿ ಇಳೀತದೆ ಅಂದು ಹಣೆಗೆ, ಎದೆಗೆ ವಿಭೂತಿ ಬಳಿದಳು. ನಾವು ಸುತ್ತ ಕೂತು ಓಂ ನಮಃ ಶಿವಾಯ ಅಂತ ಹೇಳಿದೆವು. ಅವ್ವನೂ ಹೇಳಿದಳು, ನಾನೂ ಹೇಳಿದೆ. ಹೇಳ್ತಾ ಹೇಳ್ತಾ ಅಕ್ಕ ಸುಮ್ಮನಾದಳು, ಕಣ್ಣು ಮುಚ್ಚಿದಳು. ಅಜ್ಜಿ, ನೋಡು ಇಳೀತು ಅಂದಳು.

ಅಯ್ಯನೋರು ಬಂದಾಗ ಅಕ್ಕನ ಹಲ್ಲು ಕಚ್ಚಿಕೊಂಡಿದ್ದವು. ಅವರು ಹೊಸಿಲ ಹತ್ತಿರವೇ ನಿಂತರು. ಅಜ್ಜಿ ಬಿಂದಿಗೆ ನೀರು ತಂದು ಕಾಲಿಗೆ ಹುಯ್ಯಲು ಬಗ್ಗಿದಳು.

"ಕಾಲು ಆಮೇಲೆ ತೊಳೀರವ್ವ. ಮೊದ್ಲು ಡಾಕ್ಟ್ರುನ್ನ ಕರೀರಿ."

"ನೀವು ಮಂತ್ರಿಸಿ ಬುದ್ಧಿ."

"ನಂಗೆ ಬರೋದು ಪೂಜೆ. ಇದು ಪೂಜೆಗೆ ಇಳಿಯೋದಲ್ಲ."

ನಮ್ಮೂರಿನ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಅವರಿಗೂ ಕಾಯಿಲೆಯ ವಿಷಯ ಗೊತ್ತಿರಲಿಲ್ಲ, ಅವ್ವ ಆಗಲೇ ಹೇಳಿದ್ದು, ಅಯ್ಯನೋರ ಮುಂದೆಯೇ.

"ಇಂಜೆಕ್ಷನ್ ಕೊಟ್ಟು ಏನು ತಿನ್ನಿಸಿದ್ರಿ?"

"ಏನೂ ಇಲ್ಲ ಸ್ವಾಮಿ. ಅಯ್ನೋರು ಬರ್ಬೇಕಾಗಿತ್ತು."

"ನೆನ್ನೆಯಿಂದ ಏನೂ ಇಲ್ವಾ? ಬೇಗ ಬೆಲ್ಲದ ನೀರು ತನ್ನಿ."

ಅವ್ವ ನನ್ನ ಲಾಡಿಯಿಂದ ಕೀಲಿ ಕಿತ್ತುಕೊಂಡು ತಾನೇ ಬೀಗ ತೆಗೆದಳು. ಒಂದು ಅಚ್ಚು ಪೂರ್ತಿ ಒಡೆದು ಕಲಸಿ ತಂದಳು. ಒಳಕ್ಕೆ ಹೋಗಲಿಲ್ಲ. ಕಟವಾಯಿಂದ ಕತ್ತಿಗೆ, ಕತ್ತಿನಿಂದ ಹೊಸ ಸೀರೆಗೆ ಹರಿಯಿತು. ಡಾಕ್ಟರು ನರಕ್ಕೆ ಸಿಹಿ ನೀರಿನ ಸೂಜಿ ಹಾಕಿದರು. ಹೊತ್ತು ಮೀರಿತ್ತು. ಗಂಗಕ್ಕ ಕಣ್ಣು ಬಿಡಲಿಲ್ಲ, ಬುಧವಾರ ಬೆಳಗ್ಗೆ ಉಸಿರು ನಿಂತಿತು. ಮದುವೆಗೆ ತಂದ ಸೀರೆಯಲ್ಲೇ ಕೂರಿಸಿ ಮಣ್ಣು ಮಾಡಿದರು. ಡಾಕ್ಟರು ಹೋಗುವಾಗ ಅಪ್ಪನಿಗೆ ಹೇಳಿದ್ದನ್ನು ನಾನು ಕಂಬದ ಹಿಂದೆ ನಿಂತು ಕೇಳಿದೆ.

"ಬೆವರು, ನಡುಕ ಶುರುವಾದಾಗ ಒಂದು ಚೂರು ಬೆಲ್ಲ ಬಾಯಿಗೆ ಹಾಕಿದ್ರೆ ಎದ್ದು ಕೂರ್ತಿದ್ಲು ಕಣ್ರೀ. ಹಾಸನದೋರು ನಿಮಗೆ ಹೇಳಿರಬೇಕಲ್ಲ."

ಅಪ್ಪ ಮಂಗಳವಾರ ಮದುವೆಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದ. ತಲೆ ಎತ್ತದೆ ಹೇಳಿದ.

"ಏಳಿದ್ರು ಸಾ. ನಾನೇ ಮನೇಲಿ ಏಳ್ಲಿಲ್ಲ. ಏಳಿದ್ರೆ ಆ ಹುಡುಗಿ ದಿನಾ ನಡುಗಿ ತೋರ್ಸಿ ಬೆಲ್ಲ ಈಸ್ಕಳೋಳು."

ಅದೂ ನಿಜವೇ. ಈಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಯೋಚನೆ ಮಾಡಿದರೂ ಅಪ್ಪನದೇ ತಪ್ಪು ಅಂತ ನನಗೆ ಹೇಳಕ್ಕೆ ಬರಲಿಲ್ಲ, ಅಜ್ಜಿಯದೇ ಅಂತಲೂ ಬರಲಿಲ್ಲ. ಈಗ ನನಗೂ ಆ ಕಾಯಿಲೆ ಇದೆ. ಮುದುಕರಿಗೆ ಬರುವುದು ಬೇರೆ ತರಹದ್ದಂತೆ, ಮಾತ್ರೆಯಲ್ಲಿ ನಿಲ್ಲುತ್ತದೆ. ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ಸೊಸೆಗೂ ಹೇಳುತ್ತಾರೆ, ಗೋಡೆಗೆ ಅಂಟಿಸಿ ಅಂತ ಚೀಟಿ ಕೊಡುತ್ತಾರೆ. ಆ ಕಾಲದಲ್ಲಿ ಒಬ್ಬ ಗಂಡಸಿಗೆ ಹೇಳಿದರೆ ಮನೆಗೆಲ್ಲ ಹೇಳಿದ ಹಾಗೆ ಅಂತ ಲೆಕ್ಕ.

ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ದಿನ ಅವ್ವ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಾ ನನ್ನ ಮುಖ ನೋಡದೆ ಕೇಳಿದಳು.

"ಆವತ್ತು ನಿನ್ನ ಏನಾರ ಕೇಳಿದ್ಲಾ ಅವಳು?"

ಇಲ್ಲ ಅನ್ನಬಹುದಿತ್ತು. ಅಜ್ಜಿ ಯಾರಿಗೂ ಹೇಳಿರಲಿಲ್ಲ.

"ಬೆಲ್ಲ ಕೇಳಿದ್ಲು. ಕೈ ನಡುಗ್ತಿತ್ತು. ನಾನು ಕೊಡ್ಲಿಲ್ಲ."

ಅವ್ವ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ಹೊಡೆಯುತ್ತಾಳೆ ಅಂತ ನಾನು ನಿಂತೇ ಇದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಕೊಡಬೇಡ ಅಂದೋಳು ನಾನು," ಅಂದಳು. "ನಿಮ್ಮಪ್ಪನಿಗೆ ಏಳಬೇಡ."

ಆಮೇಲೆ ಅವಳು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತಿನ ತನಕ ಯಾರಿಗೂ ಹೇಳಲಿಲ್ಲ.

ಮಾರನೇ ವರ್ಷ ಶ್ರಾವಣಕ್ಕೆ ಅಯ್ಯನೋರು ಮತ್ತೆ ಬರುವವರಿದ್ದರು. ಬೆಳಗ್ಗೆ ಮನೆ ಸಾರಿಸಿ, ಹೂವು ಕಟ್ಟಿ ಎಲ್ಲ ಆಗಿತ್ತು. ಅವರು ಇನ್ನೂ ಬಂದಿರಲಿಲ್ಲ. ಅವ್ವ ಅಡಿಗೆಮನೆಯಿಂದ ತಟ್ಟೆ ತಂದು ನಡುಮನೆಯಲ್ಲಿ, ಪಾದಪೂಜೆಗೆ ಹಾಕಿದ್ದ ಮಣೆಯ ಪಕ್ಕದಲ್ಲೇ, ನನ್ನ ಮುಂದೆ ಇಟ್ಟಳು. ಬಿಸಿ ಅನ್ನ, ಸಾರು, ಮೇಲೆ ತುಪ್ಪ. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಅಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ. ಅಜ್ಜಿ ಎದ್ದು ಬಂದಳು.

"ಏನೇ ಇದು? ಅಯ್ನೋರು ಬಂದಿಲ್ಲ."

"ಗೊತ್ತು ಅತ್ತೆಮ್ಮ."

"ಗೊತ್ತಿದ್ದೂ ಮಡಗಿದ್ದೀಯಾ?"

"ಊಂ. ಮಗ ಉಣ್ಲಿ."

ಅವ್ವ ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು, ನಾನು ಕೈ ಹಾಕುವ ತನಕ ಏಳುವಂತೆ ಕಾಣಲಿಲ್ಲ. ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ಮಂಡಿ ಕಡೆಗೆ ಹೊರಟುಹೋದ. ನನಗೆ ಹಸಿವಾಗಿತ್ತು. ಒಂದು ಅಗುಳು ಬಿಡದ ಹಾಗೆ ಉಂಡೆ.